ಬೆಳಗಿನ ಜಾವ ಬರುವವರು

ಜುಲೈ 9, 2018. ಸೋಮವಾರ

ಬೆಳಗ್ಗೆ ಆರು. ಎರಡು ರೇಡಿಯೊ. ಮೊದಲು ನಮ್ಮ ಅದಿಸ್ ಅಬಾಬಾ, ಆಮೇಲೆ ಅವರ ಅಸ್ಮರಾ. ಇಪ್ಪತ್ತು ವರ್ಷದ ಅಭ್ಯಾಸ — ಎರಡೂ ಕಡೆಯ ಸುಳ್ಳು ಕೇಳಿ, ನಡುವೆ ಎಲ್ಲಾದರೂ ನಿಜ ಬಿದ್ದಿದೆಯೇ ಎಂದು ನೋಡುವುದು. ಇಂದು ಮೊದಲ ಸಲ ಎರಡೂ ಒಂದೇ ಮಾತು ಹೇಳಿದವು. ಯುದ್ಧ ಮುಗಿಯಿತು.

ಮುಗಿಯಿತಂತೆ. ಗುಂಡು ನಿಂತದ್ದು 2000ದಲ್ಲಿ. ಗಡಿ ಎಲ್ಲಿ ಎಂಬ ತೀರ್ಪು ಬಂದದ್ದು 2002ರಲ್ಲಿ. ಆ ಕಾಗದ ಒಪ್ಪಲು ಇನ್ನೂ ಹದಿನಾರು ವರ್ಷ. ಸತ್ತವರು ಎಪ್ಪತ್ತು ಸಾವಿರ ಎನ್ನುತ್ತಾರೆ. ಆಚೆ ಉಳಿದವರ ಸಂಖ್ಯೆ ಯಾರಿಗೂ ಗೊತ್ತಿಲ್ಲ. ಕೇಳಿದವರೂ ಇಲ್ಲ.

1998ರ ಮೇ. ಹೆಂಡತಿ ಜುಫಾನ್ ಮೂರು ವರ್ಷದ ಮಗಳು ರಿಗಾತಳನ್ನು ಎತ್ತಿಕೊಂಡು ಗಡಿಯಾಚೆ ಎರಿಟ್ರಿಯಾದ ಸೆನಾಫೆಗೆ ಹೋದಳು, ತಾಯಿಯನ್ನು ನೋಡಿ ಬರಲು. ನಾವಿದ್ದ ಗಡಿಯೂರು ಜಲಂಬೆಸ್ಸಾದಿಂದ ಬಸ್ಸಿನಲ್ಲಿ ಒಂದು ಗಂಟೆ. ಭಾನುವಾರ ಬರುತ್ತೇನೆ ಎಂದಳು. ಯಾವ ಭಾನುವಾರ ಎಂದು ನಾನು ಕೇಳಲಿಲ್ಲ.

ಮುಂದಿನ ತಿಂಗಳು ಜಲಂಬೆಸ್ಸಾ ಕಲ್ಲಿನ ರಾಶಿ. ನಾನು ಏಳು ವರ್ಷದ ಮಗ ಕಿಬ್ರೋಂನನ್ನು ಹೆಗಲ ಮೇಲೆ ಕೂರಿಸಿಕೊಂಡು ಈ ಅದಿಗ್ರಾತಿಗೆ ನಡೆದೆ.

ನಮ್ಮ ಇಥಿಯೋಪಿಯಾದ ಲೆಕ್ಕದಲ್ಲಿ ಇದಿನ್ನೂ 2010. ಈ ಪುಸ್ತಕದಲ್ಲಿ ಮಾತ್ರ ಎರಿಟ್ರಿಯಾದ ತಾರೀಖು ಹಾಕುತ್ತೇನೆ, ಜುಫಾನಳ ಗೋಡೆಯ ಕ್ಯಾಲೆಂಡರಿನದು. ಸರ್ಕಾರಗಳು ನಮ್ಮಿಬ್ಬರಿಗೆ ಒಂದೇ ದಿನವನ್ನೂ ಉಳಿಸಿರಲಿಲ್ಲ.

ಜುಲೈ 12

ಫೋನ್ ಲೈನ್ ಬಿಟ್ಟಿದ್ದಾರೆ. ಜನ ಸಿಕ್ಕಿದ ನಂಬರ್ ಒತ್ತಿ, ಆ ಕಡೆ ಯಾರು ಎತ್ತಿದರೂ ಅಳುತ್ತಿದ್ದಾರೆ.

ಸ್ವೀಡನ್ನಿನಿಂದ ಭಾಮೈದ ಇಯೋಬ್ ರಿಗಾತಳ ನಂಬರ್ ಕಳಿಸಿದ. ಇಷ್ಟು ವರ್ಷ ನಮ್ಮ ತಂತಿ ಅವನೇ. ಒಂದು ಕೈಯಲ್ಲಿ ಅಕ್ಕನ ಫೋನು, ಇನ್ನೊಂದರಲ್ಲಿ ನನ್ನದು, ಒಂದರ ಬಾಯಿಗೆ ಇನ್ನೊಂದರ ಕಿವಿ ಹಚ್ಚಿ ಹಿಡಿಯುತ್ತಿದ್ದ. ಜುಫಾನಳ ದನಿ ಹಾಗೆ ಕೊನೆಗೆ ಕೇಳಿದ್ದು 2012ರಲ್ಲಿ. ಆಮೇಲೆ ಲೈನ್ ಸರಿಯಿಲ್ಲ ಎಂದ. ಎಲ್ಲ ಕ್ಷೇಮ ಎನ್ನುತ್ತಿದ್ದ.

ಹನ್ನೊಂದು ಗಂಟೆಗೆ ಸಿಕ್ಕಿತು.

"ಯಾರು?"

"ನಾನಮ್ಮಾ... ಅಪ್ಪ."

ನಕ್ಕಳು. "ಅಯ್ಯೋ, ನಿಮ್ಮ ದನಿ ಇಷ್ಟು ಮುದುಕರ ಥರ ಇರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ ಅಪ್ಪಾ."

"ಮುದುಕನೇ ಕಣೇ. ಅಮ್ಮ ಎಲ್ಲಿ?"

"ಮಲಗಿದ್ದಾಳೆ. ಸ್ವಲ್ಪ ನೆಗಡಿ. ಕಿಬ್ರೋಂ ಎಲ್ಲಿ? ಕೊಡಿ ಕೊಡಿ, ಅವನ ಹತ್ರ ಮೊದ್ಲು ಜಗಳ ಆಡ್ಬೇಕು ನಾನು."

"ಮೆಕೆಲೆಗೆ ಹೋಗಿದ್ದಾನೆ. ಕೆಲಸದ ಮೇಲೆ."

ತಡವರಿಸಲಿಲ್ಲ ನಾನು. ಒಂದು ಉಸಿರಿನಷ್ಟೂ ತಡವರಿಸಲಿಲ್ಲ.

ಜುಲೈ 13

ಬರೆಯಲೇಬೇಕು. ಇಲ್ಲಿಯಾದರೂ.

ಕಿಬ್ರೋಂ ಹೋಗಿ ಹತ್ತು ವರ್ಷ. ಆಗ ಹದಿನೇಳು. ಸೆನಾಫೆ ಎಷ್ಟು ದೂರ, ಯಾವ ಗುಡ್ಡ ಬಳಸಿದರೆ ಕಾವಲು ತಪ್ಪುತ್ತದೆ ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ. ಮೇಷ್ಟ್ರಲ್ಲವೇ ನಾನು, ಪ್ರಶ್ನೆಗೆ ಉತ್ತರ ಕೊಡುವುದು ಚಟ. ಅವನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಿಂದ ಹಳೆಯ ಮೇಕೆ ದಾರಿ ಬರೆದು ತೋರಿಸಿದೆ. ನೂರು ವರ್ಷದ ಹಿಂದೆ ಇಟಲಿಯವರು ನಕ್ಷೆಯ ಮೇಲೆ ಎಳೆದ ಗೆರೆಯನ್ನು ಮೂವತ್ತು ವರ್ಷ ತರಗತಿಯಲ್ಲಿ ನಿಂತು ಬೈದವನು. ನಾನೂ ಒಂದು ಗೆರೆ ಎಳೆದೆ.

ನೆಲಬಾಂಬು. ಹಾಳೆ ಅವನ ಜೇಬಿನಲ್ಲಿತ್ತು.

ನನಗೆ ತಿಳಿಸಲು ಬೆಳಗಿನ ಜಾವ ಐದಕ್ಕೆ ಬಂದರು. ಮುಂದೆ ಬೀದಿಯ ಹಿರಿಯರಾದ ಅಬೋಯ್ ಹದ್ಗು, ಬೀದಿಗೆಲ್ಲ ಅಪ್ಪನಂಥವರು, ಹಿಂದೆ ಹೆಂಗಸರು. ಹೊದ್ದ ಬಿಳಿ ಶಾಲಿನ ಬಣ್ಣದ ಅಂಚು ಮೇಲಕ್ಕೆ, ಕುತ್ತಿಗೆಯ ಹತ್ತಿರ. ಸಾವಿಗೆ ಹಾಗೆಯೇ ತಿರುಗಿಸಿ ಹೊದೆಯುವುದು. ಅದನ್ನು ನೋಡಿದ ಮೇಲೆ ಅವರು ಬಾಯಿ ತೆರೆಯಬೇಕಾಗಿರಲಿಲ್ಲ.

ಜುಫಾನಳಿಗೆ ಹಾಗೆ ಹೋಗಿ ಹೇಳುವವರು ಯಾರು? ಗಡಿ ದಾಟಿ ಯಾವ ಹಿರಿಯ ಹೋಗುತ್ತಾನೆ? ಇಂಥ ಸುದ್ದಿಯನ್ನು ನಮ್ಮಲ್ಲಿ ತಂತಿಯಲ್ಲಿ ಹೇಳುವುದಿಲ್ಲ. ಕಾಗದದಲ್ಲಿ ಬರೆಯುವುದಿಲ್ಲ. ಹೀಗೆ ಹತ್ತು ವರ್ಷ ಅವನು ಮೆಕೆಲೆಯಲ್ಲಿದ್ದಾನೆ. ಡಿಪ್ಲೊಮಾ ಮುಗಿಸಿದ. ಕೆಲಸ ಸಿಕ್ಕಿತು. ಒಂದು ಸಲ ಟೈಫಾಯ್ಡ್ ಕೂಡ ಬರಿಸಿದೆ.

ಜುಲೈ 29. ಭಾನುವಾರ

ಸಂಜೆ ಮಾತಾಡಿದೆ.

"ಅಮ್ಮ?"

"ಸಂತೆಗೆ ಹೋಗಿದ್ದಾಳೆ."

ಭಾನುವಾರ ಸಂಜೆ. ಯಾವ ಸಂತೆ? ಕೇಳಲಿಲ್ಲ.

"ಕಿಬ್ರೋಂ ಪಾದದ ಅಳತೆ ಎಷ್ಟಪ್ಪಾ? ಇಲ್ಲಿ ಗೊತ್ತಿರೋರ ಅಂಗಡೀಲಿ ಒಳ್ಳೆ ಬೂಟ್ ಬಂದಿದೆ. ಬಾರ್ಡರ್ ತೆಗೆದ್ರೆ ನಾನೇ ತಂದ್ಕೊಡ್ತೀನಿ. ತಂಗಿ ಕೊಡ್ಸಿದ್ದು ಅಂತ ಮೆರೀಲಿ."

"ನಲವತ್ತೊಂದು," ಎಂದೆ.

ಹದಿನೇಳನೇ ವರ್ಷದ ಅಳತೆ ಅದು.

ಆಗಸ್ಟ್ 16

ಹದಿನೆಂಟು ದಿನ ಪುಸ್ತಕ ಮುಟ್ಟಿಲ್ಲ. ಫೋನನ್ನೂ. ಮೂರು ಸಲ ಅವಳೇ ಮಾಡಿದಳು, ಎತ್ತಲಿಲ್ಲ.

ಪಕ್ಕದ ಮನೆಯ ಮೆಧಿನ್ ಪಾಪಸುಕಳ್ಳಿ ಹಣ್ಣಿನ ಬುಟ್ಟಿ ಹಿಡಿದು ಬಂದಳು. ಕಾಫಿ ಬೀಜ ಹುರಿಯಲು ಕೂತಳು. ಅಬೋಯ್ ಹದ್ಗು ಅವರನ್ನೂ ಅವಳೇ ಕರೆಸಿದ್ದಳು. ಎಂಬತ್ತು ದಾಟಿದವರು, ಕೋಲೂರಿಕೊಂಡು ಬಂದರು.

"ಗಡ್ಡ ಬೋಳಿಸ್ಕೊಳ್ಳಿ ಮೇಷ್ಟ್ರೇ," ಎಂದಳು ಮೆಧಿನ್. "ಜುಫಾನ್ ಹೋಗೋವಾಗ ನಿಮಗೆ ಹಲ್ಲಾದ್ರೂ ಇತ್ತು. ಈಗ ನೋಡಿದ್ರೆ ಯಾರೋ ಭಿಕ್ಷೆಗೆ ಬಂದಿದ್ದಾರೆ ಅಂತ ರೊಟ್ಟಿ ಕೊಟ್ಟು ಕಳಿಸ್ತಾಳೆ."

"ನಿನ್ನ ನಾಲಿಗೆಗೆ ಒಂದು ಗಡಿ ಹಾಕಿಸ್ಬೇಕಿತ್ತು," ಎಂದರು ಹದ್ಗು.

"ಹಾಕ್ಸಿ. ಇಪ್ಪತ್ತು ವರ್ಷಕ್ಕೆ ಅದೂ ತೆಗೆಯುತ್ತೆ."

ಮೂರನೇ ಸುತ್ತಿನ ಕಾಫಿಗೆ ವಿಷಯ ಎತ್ತಿದೆ. ಫೋನಿನಲ್ಲೇ ಹೇಳಿಬಿಡಲೇ? ಇನ್ನು ತಡೆಯಲಾರೆ.

ಹದ್ಗು ಲೋಟ ಕೆಳಗಿಟ್ಟರು. "ಏನು ಹೇಳ್ತಾ ಇದ್ದೀಯ ಮೆಸ್ಗೆನ? ಅವಳು ಬಿದ್ರೆ ಹಿಡಿಯೋರು ಯಾರು? ಫೋನ್ ಹಿಡಿಯುತ್ತಾ? ಬಾರ್ಡರ್ ತೆಗೀಲಿ. ನಾನೇ ಬರ್ತೀನಿ. ನಿನಗೆ ಹೇಳಿದ ಬಾಯೇ ಅವಳಿಗೂ ಹೇಳುತ್ತೆ."

ಮೆಧಿನ್ ಬಾಣಲೆ ಕೆದಕುತ್ತ, "ಶಾಲು ಚೆಕ್‌ಪೋಸ್ಟ್ ದಾಟೋವರೆಗೂ ಸರಿಯಾಗೇ ಹೊದ್ಕೊಂಡಿರೋಣ. ಅವಳ ಮನೆ ತಿರುವಲ್ಲಿ ತಿರುಗಿಸ್ಕೊಂಡ್ರಾಯ್ತು. ಮೊದ್ಲೇ ಕಿಟಕಿಯಿಂದ ನೋಡ್ಬಿಟ್ರೆ ಒಬ್ಬಳೇ ಇರ್ತಾಳೆ ಪಾಪ," ಎಂದಳು. ಆಮೇಲೆ ಏನೂ ತಮಾಷೆ ಮಾಡಲಿಲ್ಲ.

ನಕ್ಷೆಯ ವಿಷಯ ಇಬ್ಬರಿಗೂ ಗೊತ್ತಿಲ್ಲ. ಅದನ್ನು ಜುಫಾನಳಿಗೆ ನಾನೇ ಹೇಳಬೇಕು. ಅವರು ಹೇಳಿ ಮುಗಿಸಿದ ಮೇಲೆ, ಎಲ್ಲರೂ ಎದ್ದು ಹೋದ ಮೇಲೆ. ಆಮೇಲೆ ಅವಳು ನನ್ನನ್ನು ಹೊರಗೆ ಹಾಕಿದರೆ ಹಾಕಲಿ. ಅದಕ್ಕಾದರೂ ಅವಳು ಎದುರಿಗೆ ಇರಬೇಕು.

ಸೆಪ್ಟೆಂಬರ್ 11. ಮಂಗಳವಾರ

ನಮ್ಮ ಹೊಸ ವರ್ಷ. ಬೆಳಗ್ಗೆ ಗಡಿ ತೆಗೆದರು.

ನಿನ್ನೆ ವಾರ್ಡ್ ಆಫೀಸಿನ ಹುಡುಗಿ ಟೀ ಶರ್ಟು, ಎರಡು ಬಾವುಟ ತಂದಿದ್ದಳು. ಬೇರೆಯಾದ ಕುಟುಂಬಗಳಿಗೆ ಮುಂದಿನ ಸಾಲಂತೆ, ಟಿವಿಯವರು ಬರುತ್ತಾರಂತೆ. ನಾನು ಇದೇ ಆಫೀಸಿಗೆ ಕೊಟ್ಟ ಹದಿನಾಲ್ಕು ಅರ್ಜಿಗಳ ನಕಲು ಮುಂದಿಟ್ಟೆ. ಹೆಂಡತಿ ಮಗಳನ್ನು ಕರೆಸಿಕೊಡಿ ಎಂದು ಬರೆದದ್ದಕ್ಕೆ ಒಂದು ಸಲ ಉತ್ತರ ಬಂದಿತ್ತು: ಶತ್ರುದೇಶದ ಸಂಪರ್ಕವನ್ನು ಇನ್ನು ಮುಂದೆ ಉಲ್ಲೇಖಿಸತಕ್ಕದ್ದಲ್ಲ.

"ಹಳೇದೆಲ್ಲ ಯಾಕೆ ಮೇಷ್ಟ್ರೇ?" ಎಂದಳು. "ಒಂದು ದಿನ ಖುಷಿಯಾಗಿರೋಕಾಗಲ್ವಾ?"

"ಈ ಉತ್ತರಕ್ಕೆ ಸೀಲು ಹಾಕಿದವರು ಈಗ ಎಲ್ಲಿದ್ದಾರಮ್ಮಾ?"

"ಸ್ವಾಗತ ಸಮಿತೀಲಿ."

ಪಾಪ, ನಿಜವನ್ನೇ ಹೇಳಿದಳು.

ಹೋಗಲಿಲ್ಲ. ಬಾವುಟದ ನಡುವೆ ನಿಂತು ಹೇಳುವ ಸುದ್ದಿಯಲ್ಲ ನನ್ನದು. ಮೆಧಿನ್ ಮನೆಯ ಟಿವಿಯಲ್ಲಿ ನೋಡಿದೆ. ಓಡಿ ಬರುತ್ತಾರೆ, ಅಪ್ಪಿಕೊಳ್ಳುತ್ತಾರೆ. ಆಮೇಲೆ ಒಬ್ಬರ ಕಿವಿಯಲ್ಲಿ ಒಬ್ಬರು ಯಾರದೋ ಹೆಸರು ಕೇಳುತ್ತಾರೆ. ಆಮೇಲೆ ಕುಸಿಯುತ್ತಾರೆ. ಕ್ಯಾಮೆರಾ ಪ್ರತಿ ಸಲವೂ ಅಷ್ಟರಲ್ಲಿ ಬಾವುಟದ ಕಡೆ ತಿರುಗುತ್ತದೆ.

ಶನಿವಾರ ಎಂದು ನಿಶ್ಚಯ. ಶುಕ್ರವಾರ ರಾತ್ರಿ ಜಲಂಬೆಸ್ಸಾದಲ್ಲಿ ಉಳಿದು, ಶನಿವಾರ ಬೆಳಗಿನ ಜಾವ ಸೆನಾಫೆ.

ಸೆಪ್ಟೆಂಬರ್ 12

ನಾವು ಹೋಗುವ ಹೊತ್ತಿಗೆ ಜುಫಾನಳ ಪಕ್ಕದಲ್ಲಿ ಯಾರಾದರೂ ಇರಬೇಕು. ಹಾಗೆಯೇ ಮಾಡುವುದು. ಇಯೋಬನಿಗೆ ಫೋನ್ ಮಾಡಿದೆ. ಕಿಬ್ರೋಂನ ವಿಷಯ ಅವನಿಗೆ ಗೊತ್ತು, ನಾನೇ ಹೇಳಿದ್ದೆ. ಗಂಡಸರು, ದೂರದವರು, ತಡೆದುಕೊಳ್ಳುತ್ತಾರೆ ಎಂದು.

"ಸೆನಾಫೆಯ ನೆರೆಯವರಿಗೆ ಹೇಳಿಡು," ಎಂದೆ. "ಶನಿವಾರ ಐದಕ್ಕೆ ಅವಳ ಹತ್ರ ಇಬ್ಬರು ಹೆಂಗಸರಿರಲಿ."

ಅವನು ಎದ್ದು ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

"ಶನಿವಾರ ಬೇಡ ಭಾವಾ."

"ಯಾಕೆ?"

"ಮುಂದಿನ ವಾರ ಹೋಗಿ. ನಾನೂ ರಜೆ ಹಾಕಿ ಬರ್ತೀನಿ ಬೇಕಾದ್ರೆ."

"ಯಾಕೋ ಇಯೋಬ್?"

"ಮಳೆ ಇದೆಯಂತೆ ಅಲ್ಲಿ."

ಸ್ಟಾಕ್‌ಹೋಮಿನಲ್ಲಿ ಕೂತು ಸೆನಾಫೆಯ ಮಳೆ ಹೇಳುತ್ತಾನೆ.

"ಮಳೆ ಬಂದ್ರೆ ಒದ್ದೆಯಾಗ್ತೀವಿ. ಶನಿವಾರವೇ," ಎಂದು ಇಟ್ಟೆ.

ಇಟ್ಟ ಮೇಲೆ ರಿಗಾತಳ ಉತ್ತರಗಳನ್ನು ಒಂದೊಂದಾಗಿ ಲೆಕ್ಕ ಹಾಕಿದೆ. ಮಲಗಿದ್ದಾಳೆ. ಸಂತೆಗೆ ಹೋಗಿದ್ದಾಳೆ. ಆಗಸ್ಟಿನ ಕೊನೆಗೆ ಒಮ್ಮೆ ಎತ್ತಿದಾಗ, ತೀರ್ಥ ತರಲು ಮಠಕ್ಕೆ. ನನ್ನವು: ಮೆಕೆಲೆಯಲ್ಲಿದ್ದಾನೆ, ಮೀಟಿಂಗಿನಲ್ಲಿದ್ದಾನೆ, ಚಾರ್ಜ್ ಇಲ್ಲ. ರಿಗಾತಳೂ ತಡವರಿಸುವುದಿಲ್ಲ. ಒಂದು ಉಸಿರಿನಷ್ಟೂ—

ಬೇಡ. ನಾಳೆ ಗಡ್ಡ ಬೋಳಿಸಬೇಕು.

ಸೆಪ್ಟೆಂಬರ್ 14. ಶುಕ್ರವಾರ. ಬೆಳಗ್ಗೆ 5.10

ವ್ಯಾನಿನ ಸದ್ದಿಗೆ ಎಚ್ಚರ. ಮಹಡಿಯ ಕಿಟಕಿಯಲ್ಲಿ ನಿಂತಿದ್ದೇನೆ, ಪುಸ್ತಕ ದಂಡೆಯ ಮೇಲೆ.

ಆ ಕಡೆಯ ನಂಬರ್ ಪ್ಲೇಟು. ನಿನ್ನೆಯೇ ದಾಟಿ ಎಲ್ಲೋ ತಂಗಿರಬೇಕು. ಇಯೋಬ್ ಹೇಳಿದ್ದಾನೆ. ನಮಗಿಂತ ಒಂದು ದಿನ ಮುಂಚೆ ಕಳಿಸಿದ್ದಾನೆ.

ಏಳು ಜನ. ಇಬ್ಬರು ಮುದುಕರು. ಒಬ್ಬ ಪಾದ್ರಿ. ಬಾಗಿಲು ತಟ್ಟುತ್ತಿಲ್ಲ, ಗೋಡೆಯ ಪಕ್ಕ ಸಾಲಾಗಿ ನಿಂತಿದ್ದಾರೆ. ಈ ಊರಿನ ಹಿರಿಯರೊಬ್ಬರು ಜೊತೆಗಿಲ್ಲದೆ ಒಳಗೆ ಬರುವಂತಿಲ್ಲ. ಒಬ್ಬ ಮೆಧಿನಳ ಮನೆಗೆ ಹೋದ. ಅವಳು ಬರಿಗಾಲಲ್ಲಿ ಹದ್ಗು ಅವರ ಮನೆ ಕಡೆ ಓಡಿದಳು. ನನ್ನ ಕಿಟಕಿಯತ್ತ ನೋಡಲಿಲ್ಲ.

ಹೆಂಗಸರ ಶಾಲಿನ ಅಂಚು ಮೇಲಕ್ಕಿದೆ.

5.25

ಯಾವಾಗ ಹೋದಳು ಜುಫಾನ್? 2012ರ ಆಚೆ ಯಾವಾಗಲೋ. ನಾನು ಇಲ್ಲಿ ಅವಳ ತಾರೀಖು ಬರೆಯುತ್ತ ಕೂತಿದ್ದೆ.

ಅವಳಿಗೆ ಕಿಬ್ರೋಂನ ವಿಷಯ ತಿಳಿಯಲಿಲ್ಲ. ನಕ್ಷೆಯ ವಿಷಯವೂ. ಅದನ್ನು ಇನ್ನು ಯಾರಿಗೆ ಹೇಳಲಿ? ಹೊರಗೆ ಹಾಕುವವರೂ ಇಲ್ಲ.

ನಡುವೆ ಒಬ್ಬಳು ಎತ್ತರದ ಹುಡುಗಿ. ಜುಫಾನಳದೇ ಹಣೆ. ಶಾಲನ್ನು ತಿರುಗಿಸಿಯೇ ಹೊದ್ದಿದ್ದಾಳೆ, ಅತ್ತಿದ್ದಾಳೆ. ಆದರೆ ಕತ್ತೆತ್ತಿ ಮೇಲಿನ ಕಿಟಕಿಗಳನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದಾಳೆ. ಹುಡುಕುತ್ತಿದ್ದಾಳೆ. ಕಿಬ್ರೋಂನ ವಿಷಯ ಇಯೋಬ್ ಅವಳಿಗೆ ಹೇಳಿಲ್ಲ.

ಕಂಕುಳಲ್ಲಿ ಬೂಟಿನ ಪೆಟ್ಟಿಗೆ.

ಹದ್ಗು ಬಂದರು. ಕೋಲಿನ ಸದ್ದು. ಆ ಕಡೆಯ ಮುದುಕ ಅವರ ಕಿವಿಯಲ್ಲಿ ಏನೋ ಹೇಳಿದ. ಹದ್ಗು ರಿಗಾತಳನ್ನು ನೋಡಿದರು, ನನ್ನ ಬಾಗಿಲನ್ನು ನೋಡಿದರು. ಯಾರಿಗೆ ಮೊದಲು ಹೇಳಬೇಕೆಂದು ತಿಳಿಯದೆ ನಡುಬೀದಿಯಲ್ಲಿ ನಿಂತುಬಿಟ್ಟಿದ್ದಾರೆ. ನಾನೇ ಇಳಿಯಬೇಕು. ಅವಳನ್ನು ಹಿಡಿದುಕೊಳ್ಳಲು ಪಕ್ಕದಲ್ಲಿ ಇಬ್ಬರು ಹೆಂಗಸರು—

ತಟ್ಟಿದರು. ಮೊದಲು ಅವರು ಹೇಳಲಿ, ಆಮೇಲೆ ನಾನು. ಇಲ್ಲ, ಆ ಪೆಟ್ಟಿಗೆ ಅವಳು ಕೊಡುವ ಮೊದಲೇ ನಾನು—