ಉಮ್ಮನ ದನಿಯ ಡಿಸ್ಕು

ಶಾರ್ಜಾ, ಮೇ ಹದಿನಾರು, ಶುಕ್ರವಾರ. ಉಪ್ಪ ಕ್ಯಾಸೆಟ್ಟಲ್ಲಿ ಮಾತಾಡಿ ಕಳಿಸ್ತಿದ್ದಾಗ ಮೊದಲು ಊರು, ತಾರೀಕು ಹೇಳ್ತಿದ್ರಲ್ಲ, ನಾನೂ ಈ ವಾಯ್ಸ್ ಮೆಸೇಜಲ್ಲಿ ಹಾಗೇ.

ನನ್ನ ಮುದ್ದು ಉಮ್ಮಾ,

ಹೇಗಿದೀಯ? ಕುತ್ತಿಗೆ ಗಾಯ ಒಣಗ್ತಾ ಇದ್ಯಾ? ಗಂಜಿ ಇಳೀತಾ? ಮೀನು ಸಾರು ಬೇಕು ಅಂತ ಹಠ ಮಾಡಿ ಚಮಚ ಎಸೆದ್ಯಂತೆ, ಫಸೀಲ ಹೇಳಿದ್ಲು. ಆಪರೇಷನ್ ಆಗಿ ದನಿ ಹೋದ್ರೂ ನೀನು ಬೈಯೋದು ಬಿಟ್ಟಿಲ್ಲ ನೋಡು, ಈಗ ಚಮಚದಲ್ಲೇ ಬೈತೀಯ. ನಾನು ಚೆನ್ನಾಗಿದೀನಿ. ರೂಮಲ್ಲಿ ಎಲ್ಲಾ ಮಲಗಿದ್ದಾರೆ, ಮೆಟ್ಟಿಲ ಮೇಲೆ ಕೂತು ಮಾತಾಡ್ತಿದೀನಿ. ಕೇಳಿದ್ಮೇಲೆ ಎಂದಿನ ಹಾಗೆ ಫೋನ್ ಮೇಲೆ ಉಗುರಲ್ಲಿ ಎರಡು ಸಲ ಕುಟ್ಟಿ ಕಳಿಸು.

ಹೋದ ವಾರ ಬೀರಾನಿಕ್ಕ ಬಂದಿದ್ರು. ಉಪ್ಪನ ಜೊತೆ ಒಂದೇ ರೂಮಲ್ಲಿ ಇದ್ರಲ್ಲ, ಟೀ ಅಂಗಡಿಯವರು, ಅವ್ರೇ. "ಮೋನೆ, ನಿನ್ನುಮ್ಮ ನಿನ್ನುಪ್ಪಂಗೆ ಕಳಿಸಿದ್ದ ಕ್ಯಾಸೆಟ್ಟು. ಹಾಳಾಗ್ದೆ ಇರ್ಲಿ ಅಂತ ಆಗ್ಲೇ ಡಿಸ್ಕಿಗೆ ಹಾಕಿಸಿಟ್ಟಿದ್ದೆ" ಅಂತ ಒಂದು ಡಿಸ್ಕ್ ಕೈಗಿಟ್ರು. ಉಮ್ಮಾ, ನಿನ್ನ ದನಿ ನಮ್ಮ ಹತ್ರ ಎಲ್ಲೂ ಇಲ್ಲ ಗೊತ್ತಾ? ಮಾತಾಡಿ ಕಳಿಸು ಅಂದಾಗೆಲ್ಲ, "ಫೋನ್ ಮಾಡೋ, ನಾನು ಗೋಡೆ ಜೊತೆ ಮಾತಾಡಲ್ಲ" ಅಂತಿದ್ದೆ. ಆಪರೇಷನ್ ಆದ್ಮೇಲೆ ಹುಟ್ಟಿದ ಫಸೀಲನ ಮಗು ಅಂತೂ ಅಜ್ಜಿ ದನಿ ಕೇಳೇ ಇಲ್ಲ.

ಈಗ ಡಿಸ್ಕ್ ಹಾಕೋ ಲ್ಯಾಪ್‌ಟಾಪ್ ಯಾರ ಹತ್ರ ಇರುತ್ತೆ? ರೂಮಿನ ಪ್ರಜೀಶನ ಹಳೇದೊಂದು ಮಂಚದ ಕೆಳಗಿತ್ತು. ಅದ್ರಲ್ಲಿರೋದು ವಿಂಡೋಸ್ ಅಲ್ಲ, ಲಿನಕ್ಸು, ನಮ್ಮ ಸ್ಕೂಲಲ್ಲಿ ಕಂಪ್ಯೂಟರ್ ಕ್ಲಾಸಲ್ಲಿ ಕಲಿಸ್ತಿದ್ರಲ್ಲ, ಅದೇ. ಡಿಸ್ಕ್ ಇಡೋ ತಟ್ಟೆ ಹೊರಗೇ ಬರ್ಲಿಲ್ಲ, ಸಣ್ಣ ತೂತಿಗೆ ಪಿನ್ನು ಚುಚ್ಚಿ ಎಳೆದೆ. ಡಿಸ್ಕ್ ಗೊರಗೊರ ತಿರುಗ್ತು, ಆಮೇಲೆ 'ತೆರೆಯೋಕಾಗಲ್ಲ' ಅಂತು. ಕಮಾಂಡ್ ಟೈಪ್ ಮಾಡಿ ಕೇಳಿದ್ರೂ ಅದೇ ಉತ್ತರ. ಒಳಗಡೆ ಧೂಳಿರ್ಬೇಕು ಅಂತ ಬೀರಾನಿಕ್ಕ ಹತ್ತಿಗೆ ಅತ್ತರು ಹಾಕ್ಕೊಂಡು ಬಂದ್ರು! "ಇಕ್ಕಾ, ಅದೇನು ಮದುಮಗನಾ?" ಅಂದ ಪ್ರಜೀಶ್. ಹಳೇ ಸಿನಿಮಾ ಡಿಸ್ಕ್ ಹಾಕಿದ್ರೆ ಅದು ಸಲೀಸಾಗಿ ತೆರೀತು. "ಲ್ಯಾಪ್‌ಟಾಪ್ ಸರಿ ಇದೆ ಕಣೋ, ನಿನ್ನ ಡಿಸ್ಕೇ ಸತ್ತಿದೆ. ಕಾಗೆ ಓಡಿಸೋಕೆ ನೇತುಹಾಕು" ಅಂದ. ಆವತ್ತು ಅವನ ಜೊತೆ ಊಟಕ್ಕೆ ಕೂರಲಿಲ್ಲ ನಾನು.

ಇವತ್ತು ಜುಮಾ ನಮಾಜು ಮುಗಿಸಿ ಬಂದಾಗ ಒಂದು ಹೊಳೀತು. ಬೀರಾನಿಕ್ಕನ ಅಂಗಡಿಯಲ್ಲಿ ದಿನಾ ಹಾಡೋ ಮಾಪಿಳ್ಳೆ ಹಾಡಿನ ಡಿಸ್ಕ್ ತಂದು ಹಾಕಿದೆ. ಅದಕ್ಕೂ 'ತೆರೆಯೋಕಾಗಲ್ಲ' ಅಂತು! ಬೆಳಿಗ್ಗೆ ತಾನೇ ಹಾಡಿದ ಡಿಸ್ಕು ಉಮ್ಮಾ! ಆಗ ಗೊತ್ತಾಯ್ತು. ಸಿನಿಮಾ ಡಿಸ್ಕಲ್ಲಿ ಫೈಲ್ ಇರುತ್ತೆ, ತೆರೀಬಹುದು. ಹಾಡಿನ ಡಿಸ್ಕಲ್ಲಿ ಫೈಲೂ ಇಲ್ಲ, ಫೋಲ್ಡರೂ ಇಲ್ಲ. ಅದನ್ನ ತೆರೆಯೋದಲ್ಲ, ಸುಮ್ನೆ ಹಾಡಿಸ್ಬೇಕು. ನಿನ್ನ ಡಿಸ್ಕ್ ಹಾಕಿ, ಹಾಡು ಕೇಳೋ ಪ್ಲೇಯರಲ್ಲಿ ಒಂದು ಬಟನ್ ಒತ್ತಿದೆ, ಅಷ್ಟೇ.

ಮೊದಲು ಕರಕರ. ಆಮೇಲೆ ನೀನು. "ಇಲ್ನೋಡಿ, ಈ ಸಲನಾದ್ರೂ ನಿಮ್ಮ ಟೇಪ್ ರೆಕಾರ್ಡರಿಗೆ ರೀಲು ತಿನ್ನಿಸ್ಬೇಡಿ. ಇದ್ರ ಮೇಲೇ ಮಾತಾಡಿ ಇದನ್ನೇ ವಾಪಸ್ ಕಳಿಸಿ. ಸಲ ಸಲಕ್ಕೂ ಹೊಸ ಕ್ಯಾಸೆಟ್ಟು, ದುಡ್ಡು ಹೆಚ್ಚಾಗಿದ್ಯಾ?" ಇಸ್ತ್ರಿ ಮಾಡ್ತಿದ್ದ ಪ್ರಜೀಶ್ ನೆಟ್ಟಗೆ ನಿಂತ್ಕೊಂಡ. "ನಂಗೇ ಬೈದ ಹಾಗಾಯ್ತು ಕಣೋ" ಅಂದ. ನಾನು ಮುಖ ತೊಳೆಯೋಕೆ ಹೋದೆ.

ಫೋನಿಗೆ ಇಳಿಸಿ ಫಸೀಲಂಗೆ ಕಳಿಸಿದೀನಿ. ಮಗೂಗೆ ಮುತ್ತು, ಭಾವನಿಗೆ ಸಲಾಮು. ಔಷಧಿ ಬಿಡಬೇಡ. ನಂಗಾಗಿ ದುವಾ ಮಾಡು.

ನಿನ್ನ ಬೈಗುಳಕ್ಕೆ ಕಾಯ್ತಿರೋ ಮಗ,
ಜಂಷೀರ್

ಇನ್ನೊಂದು, ಬ್ಯಾಟರಿ ಹೋಗೋಕೆ ಮುಂಚೆ ಹೇಳ್ಬಿಡ್ತೀನಿ. ಟೇಪ್ ರೆಕಾರ್ಡರ್ ರೀಲು ತಿಂದುಹಾಕಿದ್ದ ಕ್ಯಾಸೆಟ್ಟು ಹೇಗೆ ಉಳೀತು ಅಂತ ಬೀರಾನಿಕ್ಕನ್ನ ಕೇಳ್ದೆ. ನಕ್ಕುಬಿಟ್ರು. "ಯಾವ ರೀಲು? ಯಾರು ತಿಂದ್ರು? 'ಅವಳ ದನಿ ಅಳಿಸಿ ಅದ್ರ ಮೇಲೆ ನಾನು ಹೇಗೆ ಮಾತಾಡ್ಲಿ' ಅಂತಿದ್ದ ನಿನ್ನುಪ್ಪ. ಉತ್ತರಕ್ಕೆ ಹೊಸ ಕ್ಯಾಸೆಟ್ ತರೋನು, ಹಳೇದ್ರ ರೀಲು ಮೆಷಿನ್ ತಿಂತು ಅಂತ ನಿನ್ನುಮ್ಮಂಗೆ ಸುಳ್ಳು ಹೇಳೋನು. ಊರಿಗೆ ಹೊರಟಾಗ್ಲೂ, ಸಿಕ್ಕಿಬಿದ್ರೆ ಬೈತಾಳೆ ಅಂತ ಎಲ್ಲಾ ನನ್ನ ಹತ್ರಾನೇ ಬಿಟ್ಟುಹೋದ." ಹಾಲುಪುಡಿ ಡಬ್ಬಿ ತುಂಬಾ ಕ್ಯಾಸೆಟ್ಟು ಉಮ್ಮಾ, ಈಗ ನನ್ನ ತೊಡೆ ಮೇಲಿದೆ. ಅಳು ಬಂದ್ರೆ ಮೆಲ್ಲಗೆ ಅಳು, ಹೊಲಿಗೆ ಹಸಿ ಇದೆ. ಉಪ್ಪನ್ನ ಬೈಬೇಕು ಅನ್ಸಿದ್ರೆ ಮಾತ್ರ ಎರಡೇ ಸಲ ಕುಟ್ಟಿ ಸುಮ್ನಾಗ್ಬೇಡ, ಕೈ ಸೋಲೋವರೆಗೂ ಕುಟ್ಟು.