ಒಗರು ಉಳಿದ ಬಾಟ್ಲಿ

ಫಿಂಟಾಸ್, ೧೨-೧೦-೧೯೯೧

ತಂಗಿ ಸುಗಂಧಿಗೆ,

ಕೊಲ್ಲಿ ಯುದ್ಧಕ್ಕೆ ಮೊದಲು ತಮ್ಮ ದೇಶಕ್ಕೆ ಹೋಗಿದ್ದ ನಮ್ಮ ಇಟಲಿ ಸಾಹೇಬರು ಮರಳಿದ್ದಾರೆ. ಮಗಳ ಮದುವೆಗೆಂದು ಅವರಿಟ್ಟಿದ್ದ ಎರಡು ಬಾಟ್ಲಿ ಕೆಂಪು ವೈನನ್ನು, ಕರೆಂಟಿಲ್ಲದ ತಿಂಗಳುಗಳಲ್ಲಿ, ಸ್ನಾನದ ನೀರು ಉಳಿಸಿ ಒದ್ದೆ ಗೋಣಿ ಸುತ್ತಿ ಕಾದಿದ್ದೆ.

ಮೊನ್ನೆ ಒಂದನ್ನು ತೆರೆದು, ಅಡುಗೆಯವನ ನಾಲಿಗೆಯೆಂದು ನನಗೇ ಮೊದಲು ಕೊಟ್ಟರು. ಎಳೆ ಬಾಳೆಕಾಯಿಯಂತೆ ಒಗರು. “ಖಲಾಸ್ ಸಾಹೇಬ್, ನಾನೇ ಕೆಡಿಸಿದೆ” ಎಂದೆ.

ಅವರು ನಕ್ಕರು. “ಭಾಯಿ, ಒಗರಿದ್ದರೇ ಇನ್ನೂ ಹತ್ತು ವರ್ಷ ಬಾಳುತ್ತದೆ. ಬಾಯಲ್ಲಿ ಆಡಿಸಿ ನೋಡು.” ಆಮೇಲೆ ಪುನರ್ಪುಳಿಯ ಹುಳಿ, ಒಣ ಗುಲಾಬಿಯ ಪರಿಮಳ ಬಂತು.

ಇನ್ನೊಂದನ್ನು ಮಗಳ ಮದುವೆಯವರೆಗೆ, ಅಂದರೆ ಇನ್ನೂ ಹತ್ತು ವರ್ಷ, ನೋಡಿಕೊಳ್ಳಲು ನನಗೇ ಒಪ್ಪಿಸಿದ್ದಾರೆ. ನನಗೆ ಅರುವತ್ತೆರಡು ಎಂದು ನಾನು ಹೇಳಲಿಲ್ಲ. ಹಾಗಾಗಿ ನೀನು ಕರೆದಂತೆ ಊರಿಗೆ ಬಂದು ನಿಲ್ಲಲು ಈಗ ಆಗದು.

ವೈನ್ ಇಲ್ಲಿ ನಿಷಿದ್ಧ. ಕಾಗದ ಓದಿ ಒಲೆಗೆ ಹಾಕು. ಇದನ್ನು ತಂದ ಸುಕೇಶ ರಜೆ ಮುಗಿಸಿ ಬರುವಾಗ ನನ್ನ ಬಿ.ಪಿ. ಮಾತ್ರೆ ಸ್ವಲ್ಪ ಹೆಚ್ಚೇ ಕಳಿಸು.

ನಿನ್ನ ಅಣ್ಣ,
ಯಶೋಧರ