ಬಿಸಿಲಲ್ಲಿ ಬಂದ ಹೊಳೆ

ರಾಯಬಾಗ ತಾಲೂಕು,
ಆಗಸ್ಟ್ 1994

ಅಕ್ಕಾ,

ಪೇಪರ್ ನೋಡಿ ಗಾಬರಿಯಾಗಬೇಡ, ನಾನು ಕ್ಷೇಮ. ಇಲ್ಲಿ ಒಂದು ಹನಿಯೂ ಮಳೆಯಿಲ್ಲ. ಮಹಾರಾಷ್ಟ್ರದಲ್ಲಿ ಸುರಿದ ಮಳೆಗೆ ಕೃಷ್ಣಾ ನದಿ ಸುಡುಬಿಸಿಲಿನಲ್ಲೇ ಊರೊಳಗೆ ಬಂತು. "ನಮ್ಮಪ್ಪನ ಕಾಲದಾಗ ಗುಡಿ ಕಳಸಾನ ಮುಣಗಿತ್ರಿ, ಇದೇನ ದೊಡ್ಡದಲ್ಲ" ಎನ್ನುತ್ತ ಮನೆ ಮಾಲೀಕ ಮುರಗೆಪ್ಪನವರು ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯನ್ನು ನೀರಿಗಿಳಿಸಿದರು. ಇಲ್ಲಿ ಅದೇ ದೋಣಿ. ಜನರನ್ನು ಅದರಲ್ಲಿ ಕೂರಿಸಿ, ಇಬ್ಬರು ಈಜುತ್ತ ತಳ್ಳುತ್ತಾರೆ.

ಕೊನೆಗೆ ಗುಡಿಯ ಕಟ್ಟೆಯ ಮೇಲೆ ನಾನು ಮತ್ತು ಕೂಲಿ ಮಾಡುವ ಅಕ್ಕುತಾಯಿ ಉಳಿದೆವು. ಅವಳ ಕಂಕುಳಲ್ಲಿ ಕೂಸು. ಕೊಪ್ಪರಿಗೆಯಲ್ಲಿ ಒಬ್ಬರಿಗಷ್ಟೇ ಜಾಗವಿತ್ತು. ಸೆಳೆತ ನೋಡಿ ನಾನು ಗುಡಿಯ ಕಂಬ ತಬ್ಬಿಕೊಂಡಿದ್ದೆ. ಅದನ್ನು ಕಂಡು ಅವಳು, "ನೀವ ಹೋಗ್ರಿ ಮಾಸ್ತರ್ರ, ನಾವ ಆಮ್ಯಾಲ ಬರ್ತೇವಿ" ಎಂದಳು. ನಾನು ಹತ್ತಿ ಕುಳಿತುಬಿಟ್ಟೆ. ನನ್ನನ್ನು ಇಳಿಸಿ ಕೊಪ್ಪರಿಗೆ ಅವಳ ಬಳಿ ಮರಳುವಷ್ಟರಲ್ಲಿ ಕಟ್ಟೆಯ ಮೇಲೂ ನೀರೇರಿ, ಅವಳು ಕೂಸನ್ನು ತಲೆಯ ಮೇಲೆ ಎತ್ತಿ ಹಿಡಿದು ಸೊಂಟದುದ್ದ ನೀರಲ್ಲಿ ನಿಂತಿದ್ದಳಂತೆ. ದೇವರು ದೊಡ್ಡವನು, ಇಬ್ಬರೂ ಉಳಿದರು.

ಗಂಜಿ ಕೇಂದ್ರದಲ್ಲಿ ಜನ ನನ್ನತ್ತ ನೋಡಿ ಪಿಸುಗುಟ್ಟಿದಾಗ ಅವಳೇ ಅಡ್ಡ ಬಂದಳು. "ನಾನ ಕಳಿಸೇನ್ರಿ. ಪಾಪ, ಅವರಿಗೆ ಈಸಾಕ ಬರೂದಿಲ್ಲ." ನಾನು ತಟ್ಟೆ ಹಿಡಿದು ಗಂಜಿಯ ಸಾಲಿಗೆ ಹೋಗಿ ನಿಂತೆ. ಅಕ್ಕಾ, ನಮ್ಮೂರ ಸಮುದ್ರದಲ್ಲಿ ನನಗೆ ಈಜು ಕಲಿಸಿದವಳು ನೀನು. ಕೊಪ್ಪರಿಗೆಯ ಅಂಚು ಹಿಡಿದು ನಾನೂ ಈಜಬಹುದಿತ್ತು.

ನೆಗಡಿಯಾಗಿದೆ, ಜ್ವರವಿಲ್ಲ. ಅಕ್ಕುತಾಯಿ ಈಗಷ್ಟೇ ಶುಂಠಿ ಕಷಾಯ ತಂದುಕೊಟ್ಟಳು. ಅವಳ ಮುಖ ನೋಡದೆ ಕುಡಿದೆ. ಅಂಚೆಯವರು ಹೊರಟು ನಿಂತಿದ್ದಾರೆ.

ನಿನ್ನ ತಮ್ಮ,
ಬೊಮ್ಮಯ್ಯ